ಬಲ್ಬು ಬಿಚ್ಚಬಾರದು ಎನ್ನುವವರಿಗೆ

ಉರಿಯದ ಎಲ್‌ಇಡಿ ಬಲ್ಬೊಂದನ್ನು ಹಾಸನದ ಎಲೆಕ್ಟ್ರಿಕಲ್ ಅಂಗಡಿಯೊಂದರ ಕೌಂಟರಿನ ಮೇಲಿಟ್ಟು, ಇದನ್ನು ಸರಿ ಮಾಡಿಸಬಹುದೇ ಎಂದು ಕೇಳಿ ನೋಡಿ. ಹೊಳೆನರಸೀಪುರದಲ್ಲಿ, ಅರಕಲಗೂಡಿನಲ್ಲಿ, ಚನ್ನರಾಯಪಟ್ಟಣದಲ್ಲಿ ಕೇಳಿದರೂ ಉತ್ತರ ಒಂದೇ: "ಅದ್ರಲ್ಲೇನಿದೆ ಬಿಡಿ ಸಾರ್, ಬಿಸಾಕಿ ಬೇರೆ ತಗಳಿ." ಓದಿದವರ ಬಾಯಲ್ಲಿ ಇದೇ ಮಾತು ಇನ್ನಷ್ಟು ಶಿಸ್ತಾಗಿ ಬರುತ್ತದೆ. ಎಂಬತ್ತು ರೂಪಾಯಿಯ ವಸ್ತುವಿಗೆ ನೂರು ರೂಪಾಯಿಯ ದುಡಿಮೆ ಹಾಕುವುದು ಲೆಕ್ಕ ತಿಳಿಯದವರ ಕೆಲಸ. 230 ವೋಲ್ಟಿನ ವಸ್ತುವನ್ನು ಬಿಚ್ಚಿದರೆ ಪ್ರಾಣಕ್ಕೆ ಅಪಾಯ. ಕಂಪನಿಯ ಎಂಜಿನಿಯರುಗಳು ಲೆಕ್ಕ ಹಾಕಿ ಮಾಡಿದ್ದನ್ನು ತಿದ್ದಲು ನಾವು ಯಾರು?

ಈ ಮಾತುಗಳು ನಮ್ಮ ಜಿಲ್ಲೆಯಲ್ಲಿ ಎಷ್ಟು ಗಟ್ಟಿಯಾಗಿ ಬೇರುಬಿಟ್ಟಿವೆಯೆಂದರೆ, ಐಟಿಐ ಮುಗಿಸಿದ ಹುಡುಗನೂ ಕೆಟ್ಟ ಬಲ್ಬನ್ನು ಒಮ್ಮೆ ತಿರುಗಿಸಿ ನೋಡದೆ ಕಸಕ್ಕೆ ಹಾಕುತ್ತಾನೆ. ನಾನು ಇದನ್ನು ಒಪ್ಪುವುದಿಲ್ಲ. ಅಗ್ಗದ ಎಲ್‌ಇಡಿ ಬಲ್ಬನ್ನು ಬಿಚ್ಚಬೇಕು. ಕೆಟ್ಟ ಮೇಲೆ ಮಾತ್ರ ಅಲ್ಲ, ವಾರಂಟಿ ಇಲ್ಲದ ಬಲ್ಬಾದರೆ ಕೆಡುವ ಮೊದಲೇ ಬಿಚ್ಚಿ, ಅದರೊಳಗೆ ಹರಿಯುವ ಕರೆಂಟನ್ನು ಇಳಿಸಬೇಕು. ತಿಳಿದವರು ಮಾಡಬೇಕು, ತಿಳಿಯದವರಿಗೆ ಕಲಿಸಬೇಕು.

ಬಲ್ಬು ಯಾಕೆ ಕೆಡುತ್ತದೆ ಎಂಬುದನ್ನು ಮೊದಲು ನೋಡೋಣ. ಡಬ್ಬದ ಮೇಲೆ 25,000 ಗಂಟೆ ಎಂದು ಅಚ್ಚಾಗಿರುತ್ತದೆ. ದಿನಕ್ಕೆ ಆರು ಗಂಟೆಯಂತೆ ಉರಿಸಿದರೆ ಅದು ಹನ್ನೊಂದು ವರ್ಷಕ್ಕೂ ಮೇಲೆ ಬರಬೇಕು. ಹಾಗೆ ಬಂದ ಬಲ್ಬನ್ನು ಎಷ್ಟು ಮನೆಗಳಲ್ಲಿ ನೋಡಿದ್ದೀರಿ? ಆ ಅಂಕಿ ಪೂರ್ತಿ ಸುಳ್ಳಲ್ಲ. ಪ್ರಯೋಗಾಲಯದ ತಂಪಿನಲ್ಲಿ, ಗಾಳಿಯಾಡುವ ಜಾಗದಲ್ಲಿ, ಒಳಗಿನ ಎಲ್‌ಇಡಿಗಳ ಬೆಳಕು ಎಷ್ಟು ಹೊತ್ತಿಗೆ ಶೇಕಡಾ ಎಪ್ಪತ್ತಕ್ಕೆ ಇಳಿಯುತ್ತದೆ ಎಂಬ ಅಂದಾಜು ಅದು. ಬಲ್ಬು ಅಂದರೆ ಎಲ್‌ಇಡಿ ಮಾತ್ರವಲ್ಲ. ಅಲ್ಯೂಮಿನಿಯಂ ಪ್ಲೇಟು, ಅದರ ಮೇಲೆ ಎಲ್‌ಇಡಿಗಳ ಹಳದಿ ಚೌಕಗಳು, ಕರೆಂಟನ್ನು ಹಿಡಿತದಲ್ಲಿಡುವ ಐಸಿ, ಒಂದು ಎಲೆಕ್ಟ್ರೊಲೈಟಿಕ್ ಕೆಪಾಸಿಟರ್, ಇವೆಲ್ಲವನ್ನೂ ಮುಚ್ಚಿಟ್ಟ ಪ್ಲಾಸ್ಟಿಕ್ ಮೈ, ಎಲ್ಲವೂ ಸೇರಿ ಒಂದು ಬಲ್ಬು. ಬೇಯುವುದೂ ಎಲ್ಲವೂ ಒಟ್ಟಿಗೇ.

ಹಳದಿ ಚೌಕಗಳು ಒಂದರ ಹಿಂದೊಂದು ಸಾಲಾಗಿ ಕೂಡಿಕೊಂಡಿರುತ್ತವೆ. ಒಂದೊಂದು ಚೌಕದ ಒಳಗೂ ಸಣ್ಣ ಚಿಪ್ಪುಗಳ ಸಾಲಿರುತ್ತದೆ. ಸಾಲಿನಲ್ಲಿ ಒಂದು ಚಿಪ್ಪು ಸುಟ್ಟರೆ, ಕೂದಲಿಗಿಂತ ತೆಳುವಾದ ಒಂದು ತಂತಿ ಬಿಟ್ಟುಹೋದರೆ, ಇಡೀ ಬಲ್ಬು ಆರುತ್ತದೆ. ಮಿಕ್ಕ ಎಲ್ಲ ಎಲ್‌ಇಡಿಗಳೂ ಐಸಿಯೂ ಆಗ ಚೆನ್ನಾಗಿಯೇ ಇರುತ್ತವೆ. ಕೆಲವು ಬಲ್ಬುಗಳು ಸಾಯುವ ಮೊದಲು ವಾರಗಟ್ಟಲೆ ಮಿಣುಕುತ್ತವಲ್ಲ, ಅದರ ಕಾರಣ ಹಲವು ಸಲ ಇದೇ. ಬಿಸಿಗೆ ಆ ತಂತಿಯ ಹಿಡಿತ ಬಿಡುತ್ತದೆ, ತಣ್ಣಗಾದಾಗ ಮತ್ತೆ ತಾಗುತ್ತದೆ. ಬಿಚ್ಚಿ ನೋಡಿದರೆ ಒಂದು ಚೌಕದ ನಡುವೆ ಕಪ್ಪು ಚುಕ್ಕೆ ಕಾಣುತ್ತದೆ. ಅಷ್ಟು ಚಿಕ್ಕ ಚುಕ್ಕೆಗಾಗಿ ನಾವು ಅಲ್ಯೂಮಿನಿಯಂ, ತಾಮ್ರ, ಪ್ಲಾಸ್ಟಿಕ್, ಕೆಪಾಸಿಟರ್ ಎಲ್ಲವನ್ನೂ ಊರಾಚೆಯ ಕಟ್ಟೆಗೆ ಎಸೆಯುತ್ತಿದ್ದೇವೆ.

ಆ ಚುಕ್ಕೆಗೆ ಕಾರಣ ಬಿಸಿ, ಬಿಸಿಗೆ ಕಾರಣ ಕರೆಂಟು. ಇಂದಿನ ಅಗ್ಗದ ಒಂಬತ್ತು ವ್ಯಾಟಿನ ಬಲ್ಬುಗಳಲ್ಲಿ ಸಾಮಾನ್ಯವಾಗಿರುವ ಒಂದು ಬಗೆಯನ್ನು ತೆಗೆದುಕೊಳ್ಳೋಣ. ಪ್ಲೇಟಿನ ಮೇಲೆಯೇ ಐಸಿ ಕೂತಿರುತ್ತದೆ, ಕಾಯಿಲ್ ಇರುವುದಿಲ್ಲ. 230 ವೋಲ್ಟಿನ ಎಸಿಯನ್ನು ಡಿಸಿ ಮಾಡಿದಾಗ ತುದಿ 325 ವೋಲ್ಟ್ ಮುಟ್ಟುತ್ತದೆ. ಎಲ್‌ಇಡಿ ಸಾಲು ಅದರಲ್ಲಿ ಸುಮಾರು 260 ವೋಲ್ಟ್ ತೆಗೆದುಕೊಂಡರೆ ಮಿಕ್ಕದ್ದನ್ನು ಐಸಿ ಬಿಸಿಯಾಗಿ ಕಳೆಯಬೇಕು. ಸಾಲಿನಲ್ಲಿ ಎಷ್ಟು ಕರೆಂಟ್ ಹರಿಯಬೇಕು ಎಂಬುದನ್ನು ತೀರ್ಮಾನಿಸುವುದು ಐಸಿಯ ಪಕ್ಕದಲ್ಲಿರುವ, ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಅಥವಾ ಎರಡು ರೆಸಿಸ್ಟರ್‌ಗಳು. ಇಂಥ ಎಷ್ಟೋ ಐಸಿಗಳಲ್ಲಿ ಆ ರೆಸಿಸ್ಟರಿನ ಮೇಲೆ 0.6 ವೋಲ್ಟಿನ ಆಸುಪಾಸು ನಿಲ್ಲುತ್ತದೆ. ಅಲ್ಲಿ 18 ಓಮ್ ಇದ್ದರೆ 33 ಮಿಲಿಆಂಪಿಯರ್, 36 ಓಮ್ ಇದ್ದರೆ ಅದರ ಅರ್ಧ. ಎರಡು ರೆಸಿಸ್ಟರ್ ಜೊತೆಜೊತೆಯಾಗಿ ಕೂತಿದ್ದರೆ ಒಂದನ್ನು ಬೆಸುಗೆ ಬಿಡಿಸಿ ತೆಗೆದರೆ ಸಾಕು. ಹೊಸ ಬಿಡಿಭಾಗವೂ ಬೇಡ.

ಕರೆಂಟು ಅರ್ಧವಾದರೆ ಬೆಳಕೂ ಅರ್ಧ ಹೋಗುತ್ತದಲ್ಲ ಎನ್ನುತ್ತಾರೆ. ಹೋಗುವುದಿಲ್ಲ. ಕರೆಂಟು ಕಡಿಮೆಯಾದಷ್ಟೂ ಎಲ್‌ಇಡಿಯ ದಕ್ಷತೆ ಏರುತ್ತದೆ, ತಂಪಾದಷ್ಟೂ ಇನ್ನೂ ಸ್ವಲ್ಪ ಏರುತ್ತದೆ. ಹಾಗಾಗಿ ಉಳಿಯುವ ಬೆಳಕು ಅರ್ಧಕ್ಕಿಂತ ಹೆಚ್ಚೇ. ನಮ್ಮ ಕಣ್ಣು ಬೆಳಕಿನ ಇಳಿಕೆಯನ್ನು ಮೀಟರಿನ ಹಾಗೆ ಅಳೆಯುವುದೂ ಇಲ್ಲ. ಪ್ಲೇಟಿನ ಬಿಸಿ ಮಾತ್ರ ನೆಟ್ಟಗೆ ಇಳಿಯುತ್ತದೆ. ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನ ಬಿಸಿ ಹತ್ತು ಡಿಗ್ರಿ ಇಳಿದರೆ ಅದರ ಆಯಸ್ಸು ಎರಡು ಪಟ್ಟಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಓದಿದವರೆಲ್ಲ ಬಲ್ಲ ಅಂದಾಜು. ಕೆಪಾಸಿಟರಿನ ಮೇಲಿನ ಹೊರೆ ಇಳಿಯುವುದರಿಂದ, ಕಣ್ಣಿಗೆ ಕಾಣದೆ ತಲೆನೋವು ತರುವ ಬೆಳಕಿನ ನಡುಕವೂ ಇಳಿಯುತ್ತದೆ. ಓದುವ ಮಕ್ಕಳಿರುವ ಮನೆಗೆ ಇದು ಸಣ್ಣ ಲಾಭವಲ್ಲ.

ಇದಕ್ಕೆ ನಮ್ಮ ಊರುಗಳ ವೋಲ್ಟೇಜನ್ನೂ ಸೇರಿಸಿಕೊಳ್ಳಬೇಕು. ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಲೈನು ಕುಸಿಯುತ್ತದೆ, ಅವು ನಿಂತ ಹೊತ್ತಿನಲ್ಲಿ ಏರುತ್ತದೆ. 250 ವೋಲ್ಟ್ ಬಂದಾಗ ಡಿಸಿಯ ತುದಿ 350 ದಾಟುತ್ತದೆ. ಎಲ್‌ಇಡಿ ಸಾಲು 260ಕ್ಕಿಂತ ಹೆಚ್ಚು ಕೇಳುವುದಿಲ್ಲವಾದ್ದರಿಂದ ಮಿಕ್ಕ ತೊಂಬತ್ತು ವೋಲ್ಟ್ ಬೀಳುವುದು ಐಸಿಯ ಮೇಲೆ. 33 ಮಿಲಿಆಂಪಿಯರಿಗೆ ಅದು ಹತ್ತಿರ ಹತ್ತಿರ ಮೂರು ವ್ಯಾಟಿನ ಬಿಸಿ, ಅದೂ ಉಗುರಿನಷ್ಟೂ ಅಗಲವಿಲ್ಲದ ಐಸಿಯೊಂದರಲ್ಲಿ. ರಾತ್ರಿಯಿಡೀ ಉರಿಯುವ ಕೊಟ್ಟಿಗೆಯ ಬಲ್ಬು, ಗೇಟಿನ ಬಲ್ಬು, ಬಚ್ಚಲಿನ ಬಲ್ಬು ಬೇಗ ಸಾಯುವುದರಲ್ಲಿ ಆಶ್ಚರ್ಯವೇನಿದೆ? ಕರೆಂಟನ್ನು ಅರ್ಧ ಮಾಡಿದರೆ ಅದೇ ಏರಿದ ವೋಲ್ಟೇಜಿನಲ್ಲಿ ಐಸಿ ಹೊರಬೇಕಾದ ಬಿಸಿಯೂ ಅರ್ಧವಾಗುತ್ತದೆ. ನ್ಯೂಟ್ರಲ್ ಕಡಿದು ಮನೆಗೆ 400 ವೋಲ್ಟ್ ನುಗ್ಗಿದರೆ ಈ ತಿದ್ದುಪಡಿ ಕಾಪಾಡುವುದಿಲ್ಲ, ಅದು ಬೇರೆ ಮಾತು. ದಿನನಿತ್ಯದ ಏರಿಳಿತವನ್ನು ಮಾತ್ರ ಖಂಡಿತ ತಡೆದುಕೊಳ್ಳುತ್ತದೆ.

ಈಗ ಕಂಪನಿಯ ಎಂಜಿನಿಯರುಗಳ ವಿಷಯ. ಅವರಿಗೆ ಇದೆಲ್ಲ ಗೊತ್ತಿಲ್ಲವೆಂದು ಯಾರು ಹೇಳಿದರು? ಚೆನ್ನಾಗಿ ಗೊತ್ತು. 2016ರಲ್ಲಿ ದುಬೈ ನಗರಾಡಳಿತಕ್ಕಾಗಿ ಫಿಲಿಪ್ಸ್ ಕಂಪನಿ ವ್ಯಾಟಿಗೆ 200 ಲ್ಯೂಮೆನ್ ಕೊಡುವ ಬಲ್ಬು ಮಾಡಿಕೊಟ್ಟಿತು. ಅಂಗಡಿಯ ಸಾಮಾನ್ಯ ಬಲ್ಬು ನೂರರ ಆಸುಪಾಸಿನಲ್ಲಿದ್ದ ಕಾಲ ಅದು. ಅದರ ಹಿಂದಿದ್ದ ಉಪಾಯ ಹೆಚ್ಚು ಎಲ್‌ಇಡಿ ಹಾಕಿ ಒಂದೊಂದರ ಮೂಲಕ ಕಡಿಮೆ ಕರೆಂಟ್ ಹರಿಸುವುದು. ಗ್ರಾಹಕನಾಗಿ ಒಂದು ಸರ್ಕಾರ ಗಟ್ಟಿಯಾಗಿ ಕೇಳಿದಾಗ ಎಂಜಿನಿಯರುಗಳು ಅದನ್ನು ಮಾಡಿದರು. ನಾವು ಕೇಳಲಿಲ್ಲ, ನಮಗೆ ಮಾಡಲಿಲ್ಲ. ನಮ್ಮ ಅಂಗಡಿಯ ಬಲ್ಬಿನಲ್ಲಿ ಎಂಜಿನಿಯರುಗಳು ಹಾಕಿದ ಲೆಕ್ಕ ಕಡಿಮೆ ಎಲ್‌ಇಡಿಯಿಂದ ಹೆಚ್ಚು ಬೆಳಕು ಹಿಂಡಿ ಬೆಲೆ ಇಳಿಸುವ ಲೆಕ್ಕ. ಅದು ಮಾರುವವರ ಲೆಕ್ಕ. ಬಳಸುವವನಿಗೆ ತನ್ನ ಲೆಕ್ಕ ಹಾಕಿಕೊಳ್ಳುವ ಹಕ್ಕಿದೆ.

ಹಾಗಾದರೆ ಬಿಚ್ಚುವ ಗೋಜೇಕೆ, ಐದು ವ್ಯಾಟಿನ ಬಲ್ಬನ್ನೇ ಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಜಾಣತನದ ಮಾತಿನಂತೆ ಕೇಳುತ್ತದೆ. ಆದರೆ ಅಗ್ಗದ ಐದು ವ್ಯಾಟಿನ ಬಲ್ಬನ್ನು ಬಿಚ್ಚಿ ನೋಡಿ: ಪ್ಲೇಟು ಚಿಕ್ಕದು, ಎಲ್‌ಇಡಿ ಕಡಿಮೆ, ಒಂದೊಂದು ಎಲ್‌ಇಡಿಯ ಮೇಲಿನ ಹೊರೆ ಬಹುಮಟ್ಟಿಗೆ ಅಷ್ಟೇ. ವ್ಯಾಟ್ ಇಳಿದಿದೆ, ಬೇಯುವುದು ಇಳಿದಿಲ್ಲ. ಒಂಬತ್ತು ವ್ಯಾಟಿಗಾಗಿ ಮಾಡಿದ ಪ್ಲೇಟಿನಲ್ಲಿ ಐದು ವ್ಯಾಟ್ ಹರಿಸಿದಾಗ ಸಿಗುವ ಬಿಡುವು ಐದು ವ್ಯಾಟಿನ ಬಲ್ಬಿನಲ್ಲಿ ಸಿಗುವುದಿಲ್ಲ.

ಇನ್ನು ಹಣದ ವಾದ. ಇದನ್ನು ಬಹಳ ಜನ ಕೊನೆಯ ಮಾತೆಂಬಂತೆ ಹೇಳುತ್ತಾರೆ. ನಮ್ಮಲ್ಲಿ ಬಲ್ಬು ಇಷ್ಟು ಅಗ್ಗವಾದದ್ದು ಹೇಗೆಂದು ನೆನಪಿಸಿಕೊಳ್ಳಬೇಕು. 2014ರ ಆರಂಭದಲ್ಲಿ ಕೇಂದ್ರದ ಇಇಎಸ್‌ಎಲ್ ಸಂಸ್ಥೆ ಎಲ್‌ಇಡಿ ಬಲ್ಬೊಂದನ್ನು 310 ರೂಪಾಯಿಗೆ ಸಗಟಾಗಿ ಕೊಂಡಿತ್ತು. 2016ರ ಹೊತ್ತಿಗೆ ಅದೇ ಸಂಸ್ಥೆಗೆ 38 ರೂಪಾಯಿಗೆ ಸಿಕ್ಕಿತು. 2015ರ ಜನವರಿಯಲ್ಲಿ ಶುರುವಾದ ಉಜಾಲಾ ಯೋಜನೆ ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬು ಹಂಚಿತು. ಕರ್ನಾಟಕದಲ್ಲಿ ಅದು 2015ರ ಕೊನೆಗೆ 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಬಂತು. ನಮ್ಮ ಊರುಗಳಿಗೂ ಆ ಬಲ್ಬುಗಳು ಬಂದವು. ನಾನು ಆ ಯೋಜನೆಯನ್ನು ಹಳಿಯುವವನಲ್ಲ. ಭಾಗ್ಯಜ್ಯೋತಿ ಯೋಜನೆಯ ಕಾಲದ ನಲವತ್ತು ವ್ಯಾಟಿನ ಒಂದೇ ಬಲ್ಬಿನ ಮಂಕು ಬೆಳಕಿನಲ್ಲಿ ಓದಿದವರಿಗೆ ಒಂಬತ್ತು ವ್ಯಾಟಿನ ಬಲ್ಬು ಎಂಥ ಬದಲಾವಣೆಯೆಂದು ಹೇಳಿಕೊಡಬೇಕಿಲ್ಲ. ಆದರೆ ಬಲ್ಬಿನ ಬೆಲೆಯ ಜೊತೆಗೆ ನಮ್ಮ ಮನಸ್ಸಿನಲ್ಲಿ ಅದರ ಗೌರವವೂ ಇಳಿಯಿತು. ಎಸೆಯುವುದು ಜಾಣತನವಾಯಿತು, ಉಳಿಸಿಕೊಳ್ಳುವುದು ಜಿಪುಣತನವಾಯಿತು.

ನೂರು ರೂಪಾಯಿ ದುಡಿಮೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ಒಂದೇ ಒಂದು ಬಲ್ಬನ್ನು ಹಿಡಿದು ಪೇಟೆಗೆ ಹೋಗಿ, ಕೂಲಿ ಕೊಟ್ಟು ಮಾಡಿಸಿದರೆ ಆ ಲೆಕ್ಕ ಸರಿ. ಆದರೆ ಒಂದು ಮನೆಯಲ್ಲಿ ಹತ್ತಾರು ಬಲ್ಬುಗಳಿರುತ್ತವೆ. ಮುಚ್ಚಳ ತೆಗೆದು ರೆಸಿಸ್ಟರ್ ಬಿಡಿಸಿ ಮತ್ತೆ ಅಂಟಿಸುವುದು ಕೈ ಪಳಗಿದವನಿಗೆ ಕೆಲವೇ ನಿಮಿಷಗಳ ಕೆಲಸ, ರೆಸಿಸ್ಟರಿನ ಬೆಲೆ ಒಂದು ರೂಪಾಯಿಯೂ ಇಲ್ಲ. ಒಮ್ಮೆಗೆ ಹತ್ತು ಬಲ್ಬು ಮಾಡಿದರೆ ಬಲ್ಬಿಗೆ ಇಪ್ಪತ್ತು ರೂಪಾಯಿ ಕೂಲಿ ಯಾರಿಗೂ ನಷ್ಟವಲ್ಲ. ಕೊಟ್ಟಿಗೆಯಲ್ಲಿ ಸಂಜೆಯಿಂದ ಬೆಳಗಿನವರೆಗೆ ಹನ್ನೊಂದು ಗಂಟೆ ಉರಿಯುವ ಒಂಬತ್ತು ವ್ಯಾಟಿನ ಬಲ್ಬು ಹತ್ತು ದಿನಕ್ಕೊಂದು ಯೂನಿಟ್ ತಿನ್ನುತ್ತದೆ, ವರ್ಷಕ್ಕೆ 36 ಯೂನಿಟ್. ಅರ್ಧ ಮಾಡಿದರೆ ಹದಿನೆಂಟು ಉಳಿಯುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಮೇಲೆ ಬಿಲ್ಲೇ ಇಲ್ಲವಲ್ಲ, ಇದೆಲ್ಲ ಯಾಕೆ ಎನ್ನುವವರು, ಆ ಯೂನಿಟ್ಟಿಗೆ ಯಾರೋ ದುಡ್ಡು ಕೊಡುತ್ತಿದ್ದಾರೆ ಎಂಬುದನ್ನು ಮರೆಯುತ್ತಾರೆ. ಬಲ್ಬನ್ನಂತೂ ಗೃಹಜ್ಯೋತಿ ಕೊಡುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗುವುದು ನಮ್ಮ ತಾಲ್ಲೂಕುಗಳಲ್ಲಿ ಬಿಸಾಕಿ ಬೇರೆ ಕೊಳ್ಳಿ ಎಂಬ ಮಾತು ಬೇರೂರಿರುವುದಕ್ಕೆ. ಬೋರ್‌ವೆಲ್ ಮೋಟರು ಸುಟ್ಟರೆ ಯಾವ ರೈತನೂ ಎಸೆಯುವುದಿಲ್ಲ, ವೈಂಡಿಂಗ್ ಅಂಗಡಿಗೆ ಒಯ್ಯುತ್ತಾನೆ. ಆರಂಭದಲ್ಲಿ ಹೆಸರಿಸಿದ ನಾಲ್ಕೂ ಊರುಗಳಲ್ಲಿ ಅಂಥ ಅಂಗಡಿಗಳಿವೆ. ಅಲ್ಲಿ ಕೂತವರು ತಾಮ್ರದ ತಂತಿಯ ಗೇಜನ್ನು ಬೆರಳಲ್ಲೇ ಹೇಳಬಲ್ಲವರು, ಸುತ್ತು ಎಣಿಸಿ, ಕಾಯಿಲ್ ಕೂರಿಸಿ, ವಾರ್ನಿಷ್ ಹಾಕಿ, ಒಣಗಿಸಿ, ಮೀಟರ್ ಹಿಡಿದು ನೋಡಿ ಕೊಡುವವರು. ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಪರೀಕ್ಷೆಗೊಂದು ಸೀರೀಸ್ ಬೋರ್ಡ್ ಎಲ್ಲ ಅವರ ಬಳಿ ಇದೆ. ಟೇಪ್‌ರೆಕಾರ್ಡರ್, ಟಿವಿ ಕಾಲ ಮುಗಿದು ಕೈ ಖಾಲಿಯಾದ ರೇಡಿಯೊ ರಿಪೇರಿಯವರೂ ಇನ್ನೂ ಅಲ್ಲಲ್ಲಿ ಇದ್ದಾರೆ. ಈ ಕೈಗಳಿಗೆ ಬಲ್ಬಿನ ಪ್ಲೇಟು ಏನೇನೂ ಕಷ್ಟವಲ್ಲ. ಬಿಡಿಭಾಗಗಳನ್ನು ದೆಹಲಿಯಿಂದ ತರಿಸಿ, ಕ್ಯಾಪು ಒತ್ತುವ ಸಣ್ಣ ಯಂತ್ರವಿಟ್ಟುಕೊಂಡು ಬಲ್ಬು ಜೋಡಿಸಿ ಮಾರುವವರೂ ನಮ್ಮ ನಡುವೆಯೇ ಇದ್ದಾರೆ. ಜೋಡಿಸುವ ಕೆಲಸಕ್ಕೆ ನಾವು ಯೋಗ್ಯರು, ಬಿಚ್ಚುವ ಕೆಲಸಕ್ಕೆ ಅಯೋಗ್ಯರು ಎಂದರೆ ಅದಕ್ಕೆ ಅರ್ಥವಿಲ್ಲ.

ರಿಪೇರಿ ಮಾಡಿಸಿ ನೋಡಿದ್ದೇವೆ, ತಿಂಗಳಲ್ಲಿ ಮತ್ತೆ ಹೋಯಿತು ಎನ್ನುವವರ ಅನುಭವ ನಿಜ. ಅದಕ್ಕೆ ಕಾರಣವನ್ನೂ ಹೇಳಬೇಕು, ಯಾಕೆಂದರೆ ಬಲ್ಬು ರಿಪೇರಿಗೆ ಕೆಟ್ಟ ಹೆಸರು ತಂದದ್ದು ಇದೇ. ಸಂತೆಯಲ್ಲಿ, ಮೊಬೈಲ್ ವಿಡಿಯೊಗಳಲ್ಲಿ ತೋರಿಸುವ ಉಪಾಯವೆಂದರೆ ಕಪ್ಪು ಚುಕ್ಕೆಯ ಎಲ್‌ಇಡಿಯನ್ನು ಕೆರೆದು ತೆಗೆದು, ಆ ಜಾಗಕ್ಕೆ ಬೆಸುಗೆಯ ಲೆಡ್ ತುಂಬಿ ಎರಡೂ ಕಡೆ ಸೇರಿಸಿಬಿಡುವುದು. ಬಲ್ಬು ತಕ್ಷಣ ಉರಿಯುತ್ತದೆ, ನೋಡಿದವರು ಚಪ್ಪಾಳೆ ತಟ್ಟುತ್ತಾರೆ. ಆದರೆ ಆ ಎಲ್‌ಇಡಿ ಹೊರುತ್ತಿದ್ದ ಹದಿನೆಂಟೋ ಮೂವತ್ತಾರೋ ವೋಲ್ಟ್ ಎಲ್ಲಿಗೆ ಹೋಯಿತು? ಐಸಿಯ ತಲೆಯ ಮೇಲೆ. ಮೊದಲೇ ಬೇಯುತ್ತಿದ್ದ ಐಸಿ ಈಗ ಇನ್ನಷ್ಟು ಬೇಯುತ್ತದೆ. ಒಂದು ಎಲ್‌ಇಡಿಯನ್ನು ಕೊಂದ ಕರೆಂಟು ಮಿಕ್ಕ ಎಲ್‌ಇಡಿಗಳಲ್ಲಿ ಹಾಗೆಯೇ ಹರಿಯುತ್ತಿರುತ್ತದೆ. ಇದು ಅರ್ಧ ರಿಪೇರಿ. ಲೆಡ್ ತುಂಬಿದ ಕೈಯಲ್ಲೇ ಒಂದು ರೆಸಿಸ್ಟರನ್ನೂ ತೆಗೆದಿದ್ದರೆ ಕಥೆ ಬೇರೆಯಾಗುತ್ತಿತ್ತು. ಕೆಟ್ಟುಹೋದ ಇನ್ನೊಂದು ಬಲ್ಬಿನಿಂದ ಅದೇ ಬಗೆಯ ಒಳ್ಳೆಯ ಎಲ್‌ಇಡಿ ಬಿಡಿಸಿ ಹಾಕಿದರೆ ಇನ್ನೂ ಒಳ್ಳೆಯದು. ಎಲ್ಲ ಬಲ್ಬುಗಳೂ ಒಂದೇ ಬಗೆಯಲ್ಲ ಎಂಬುದೂ ಮುಖ್ಯ. ಕಾಯಿಲ್ ಇರುವ ಡ್ರೈವರ್ ಸರ್ಕ್ಯೂಟಿನಲ್ಲೂ ಕರೆಂಟ್ ಗೊತ್ತು ಮಾಡುವ ರೆಸಿಸ್ಟರ್ ಇರುತ್ತದೆ, ಹುಡುಕಿ ಗುರುತಿಸಬೇಕು. ಐಸಿಯೇ ಇಲ್ಲದೆ ಕೆಪಾಸಿಟರ್ ಒಂದರಿಂದಲೇ ಕರೆಂಟ್ ಇಳಿಸುವ ತೀರಾ ಅಗ್ಗದ ಬಲ್ಬುಗಳಲ್ಲಿ ಆ ಕೆಪಾಸಿಟರನ್ನೇ ಕಡಿಮೆ ಮೈಕ್ರೊಫ್ಯಾರಡಿನದಕ್ಕೆ, ಮೇನ್ಸ್‌ಗೆಂದೇ ಮಾಡಿದ ದರ್ಜೆಯದಕ್ಕೆ ಬದಲಾಯಿಸಬೇಕು. ಇದನ್ನೆಲ್ಲ ಅರಿಯದೆ ಮಾಡಿದ ರಿಪೇರಿ ಸೋತರೆ ಅರಿವಿನ ಕೊರತೆ ಸೋತಿತು, ರಿಪೇರಿ ಸೋಲಲಿಲ್ಲ.

ಅಪಾಯದ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಈ ಬಲ್ಬುಗಳ ಒಳಗೆ ಟ್ರಾನ್ಸ್‌ಫಾರ್ಮರ್ ಇಲ್ಲ. ಪ್ಲೇಟಿನ ಮೇಲಿನ ಪ್ರತಿಯೊಂದು ಬೆಸುಗೆಯೂ ನೇರ ಮೇನ್ಸಿಗೆ ಸೇರಿದ್ದು. ಮುಚ್ಚಳ ತೆಗೆದ ಬಲ್ಬನ್ನು ಹೋಲ್ಡರಿಗೆ ಹಾಕಿ ಮುಟ್ಟಿದವನಿಗೆ ಶಾಕ್ ಹೊಡೆಯುತ್ತದೆ, ಸಾವೂ ಬರಬಹುದು. ಹೋಲ್ಡರಿನಿಂದ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿನಷ್ಟು ಉಳಿದಿರಬಹುದು. ಅದನ್ನು ಸ್ಕ್ರೂಡ್ರೈವರ್ ತಾಗಿಸಿ ಅಲ್ಲ, ಹತ್ತು ಕಿಲೊಓಮಿನ ದಪ್ಪ ರೆಸಿಸ್ಟರ್ ಕೆಲವು ಕ್ಷಣ ಹಿಡಿದು ಇಳಿಸಬೇಕು, ಆಮೇಲೆ ಮೀಟರಿನಲ್ಲಿ ನೋಡಬೇಕು. ಬೆಸುಗೆ ಮುಗಿದ ಮೇಲೆ ಮುಚ್ಚಳವನ್ನು ಸಿಲಿಕೋನಿನಿಂದ ಗಟ್ಟಿಯಾಗಿ ಅಂಟಿಸಿ, ಅದು ಒಣಗಿದ ಮೇಲೆಯೇ ಸೀರೀಸ್ ಬೋರ್ಡಿನಲ್ಲಿ ಮೊದಲ ಸಲ ಉರಿಸಬೇಕು. ಮುಚ್ಚಳ ಒಡೆದ ಬಲ್ಬನ್ನು ಮತ್ತೆ ಬಳಸಲೇಬಾರದು, ಹಸಿಯಿರುವ ಕೊಟ್ಟಿಗೆ ಬಚ್ಚಲುಗಳಲ್ಲಂತೂ ಸರ್ವಥಾ ಕೂಡದು. ಮಕ್ಕಳು ಇದನ್ನು ಮುಟ್ಟಬಾರದು. ತಿದ್ದಿದ ಬಲ್ಬನ್ನು ಹೊಸದೆಂದು ಮಾರಲೂಬಾರದು, ಅದರ ಮೇಲಿನ ಬಿಐಎಸ್ ಗುರುತು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮಾತ್ರ ಸಲ್ಲುತ್ತದೆ.

ಇಷ್ಟೂ ಒಪ್ಪಿಕೊಂಡೇ ಕೇಳುತ್ತೇನೆ: ಅಪಾಯವಿದೆ ಎಂಬ ಕಾರಣಕ್ಕೆ ನಾವು ಕಲಿಸುತ್ತೇವೆಯೋ, ಮುಚ್ಚಿಡುತ್ತೇವೆಯೋ? ಇದೇ ತಾಲ್ಲೂಕುಗಳಲ್ಲಿ ತ್ರೀಫೇಸ್ ಕರೆಂಟು ಬಂತೆಂದು ನಡುರಾತ್ರಿ ಎದ್ದು, ಒದ್ದೆ ಗದ್ದೆಯಲ್ಲಿ ಬರಿಗಾಲಲ್ಲಿ ನಿಂತು, 415 ವೋಲ್ಟಿನ ಸ್ಟಾರ್ಟರ್ ಡಬ್ಬಿಯನ್ನು ಬಿಚ್ಚಿ ಫ್ಯೂಸ್ ಕಟ್ಟುವ ರೈತರಿದ್ದಾರೆ. ಅವರಿಗೆ ಯಾರೂ ಒಂದು ದಿನ ಕೂರಿಸಿ ಕಲಿಸಿಲ್ಲ. ಕರೆಂಟಿನ ಬಗ್ಗೆ ನಮ್ಮ ಸಮಾಜಕ್ಕೆ ನಿಜವಾದ ಕಾಳಜಿ ಇದ್ದಿದ್ದರೆ ಅಲ್ಲಿ ಕಾಣಬೇಕಿತ್ತು. ಮೇಜಿನ ಮೇಲೆ, ಹಗಲು ಹೊತ್ತಿನಲ್ಲಿ, ಲೈನಿನಿಂದ ತೆಗೆದಿಟ್ಟ ಬಲ್ಬನ್ನು ಬಿಚ್ಚುವುದೇ ಕರೆಂಟಿನ ಶಿಸ್ತು ಕಲಿಯಲು ಎಲ್ಲಕ್ಕಿಂತ ಒಳ್ಳೆಯ ಪಾಠ. ಕೆಪಾಸಿಟರ್ ಇಳಿಸದೆ ಕೈ ಹಾಕಬಾರದು ಎಂದು ಇಲ್ಲಿ ಕಲಿತವನು ಮುಂದೆ ಸ್ಟಾರ್ಟರ್ ಮುಂದೆಯೂ ಅದೇ ಎಚ್ಚರದಿಂದ ನಿಲ್ಲುತ್ತಾನೆ.

ಹಾಸನದಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ಇದೆ. ಜಿಲ್ಲೆಯಲ್ಲಿ ಸರ್ಕಾರಿ ಪಾಲಿಟೆಕ್ನಿಕ್ಕುಗಳಿವೆ, ಐಟಿಐಗಳಿವೆ, ಎಲೆಕ್ಟ್ರಿಷಿಯನ್ ತರಗತಿಗಳಿವೆ. ಊರಿನ ಕಸದಲ್ಲಿ ಬಿಟ್ಟಿಯಾಗಿ ಸಿಗುವ ಕೆಟ್ಟ ಬಲ್ಬುಗಳಿಗಿಂತ ಅಗ್ಗದ ಪ್ರಯೋಗದ ಸಾಮಗ್ರಿ ಯಾವ ಕಾಲೇಜಿಗೆ ಸಿಕ್ಕೀತು? ರೆಕ್ಟಿಫೈಯರ್, ಫಿಲ್ಟರ್, ಸ್ಥಿರ ಕರೆಂಟಿನ ಸರ್ಕ್ಯೂಟ್, ಬಿಸಿಯ ಲೆಕ್ಕ ಎಲ್ಲವೂ ಅಂಗೈಯಗಲದ ಪ್ಲೇಟಿನ ಮೇಲಿದೆ. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೊ ಸಂಸ್ಥೆ ಹಳ್ಳಿಗಳಿಗೆ ಸೋಲಾರ್ ದೀಪ ಮಾರುವಾಗ ಒಂದು ವಿಷಯವನ್ನು ಬಿಟ್ಟುಕೊಡಲಿಲ್ಲ: ದೀಪವಿರುವ ಕಡೆ ಅದನ್ನು ಸರಿಮಾಡುವವನೂ ಹತ್ತಿರದಲ್ಲಿರಬೇಕು. ಸೋಲಾರ್ ದೀಪಕ್ಕೆ ನಾವು ಒಪ್ಪಿದ ಈ ನ್ಯಾಯ ಕರೆಂಟ್ ದೀಪಕ್ಕೆ ಯಾಕೆ ಬೇಡ?

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಎಂದು ನಾಲ್ಕು ವಲಯ ಗುರುತಿಸಿತು. ಮನೆಮನೆಯಲ್ಲೂ ಇರುವ, ಕೆಟ್ಟೊಡನೆ ಎಸೆಯಲಾಗುವ ಬಲ್ಬಿಗೆ ಅದರಲ್ಲಿ ಪ್ರತ್ಯೇಕ ಜಾಗ ಸಿಗಲಿಲ್ಲ. 2018ರಿಂದ ಕಡ್ಡಾಯವಾದ ಸ್ಟಾರ್ ಲೇಬಲ್ ವ್ಯಾಟಿಗೆ ಎಷ್ಟು ಬೆಳಕು ಎಂದು ಹೇಳುತ್ತದೆ, ಬಿಚ್ಚಬಹುದೇ ಎಂದು ಹೇಳುವುದಿಲ್ಲ. ಯುರೋಪಿನಲ್ಲಿ 2021ರ ಸೆಪ್ಟೆಂಬರಿನಿಂದ, ದೀಪ ಅಡಕವಾಗಿರುವ ವಸ್ತುಗಳಲ್ಲಿ ಬೆಳಕಿನ ಮೂಲವನ್ನೂ ಡ್ರೈವರನ್ನೂ ತೆಗೆದು ಬದಲಾಯಿಸುವಂತಿರಬೇಕು ಎಂಬ ನಿಯಮವಿದೆ. ಅದಕ್ಕೂ ವಿನಾಯಿತಿಗಳಿವೆ, ಆದರೂ ದಿಕ್ಕು ಸರಿಯಿದೆ.

ನಮ್ಮಲ್ಲಿ ದೆಹಲಿಯ ನಿಯಮಕ್ಕೆ ಕಾಯಬೇಕಿಲ್ಲ. ಬೀದಿದೀಪ ಕೊಳ್ಳುವುದು ಗ್ರಾಮ ಪಂಚಾಯಿತಿ, ಪುರಸಭೆ. ರಾತ್ರಿಯಿಡೀ ಉರಿದು, ಏರಿದ ವೋಲ್ಟೇಜಿಗೆ ಸಿಕ್ಕಿ, ಮಳೆಗಾಲ ಮುಗಿಯುವುದರೊಳಗೆ ಸಾಯುವ ದೀಪಗಳು ಅವೇ. ಪಂಚಾಯಿತಿ ತನ್ನ ಟೆಂಡರಿನಲ್ಲಿ ಮೂರು ವಾಕ್ಯ ಸೇರಿಸಲಿ: ಮುಚ್ಚಳ ಸ್ಕ್ರೂವಿನಿಂದ ಬಿಗಿದಿರಬೇಕು, ಪ್ಲೇಟೂ ಡ್ರೈವರೂ ಬೇರೆಬೇರೆಯಾಗಿ ಸಿಗಬೇಕು, ಎಲ್‌ಇಡಿಗಳು ತಮ್ಮ ಗರಿಷ್ಠ ಕರೆಂಟಿನ ಅರ್ಧದಲ್ಲಿ ಉರಿಯಬೇಕು. ಕೆಟ್ಟದ್ದನ್ನು ಸರಿಮಾಡುವ ಗುತ್ತಿಗೆಯನ್ನು ದೀಪಕ್ಕಿಷ್ಟು ಎಂದು ಅದೇ ತಾಲ್ಲೂಕಿನ ವೈಂಡಿಂಗ್ ಅಂಗಡಿಯವರಿಗೆ ಕೊಡಲಿ. ಕೊಣನೂರಿನಲ್ಲಾಗಲಿ ಶ್ರವಣಬೆಳಗೊಳದಲ್ಲಾಗಲಿ ಒಂದೇ ಒಂದು ಪಂಚಾಯಿತಿ ಇದನ್ನು ಒಂದು ವರ್ಷ ಮಾಡಿ, ಹಿಂದಿನ ವರ್ಷದ ಬಲ್ಬಿನ ಬಿಲ್ಲನ್ನು ಪಕ್ಕದಲ್ಲಿಟ್ಟು ಗ್ರಾಮಸಭೆಯಲ್ಲಿ ಓದಲಿ.